ಬಿಲ್ಡ್ ಸ್ಕ್ರಿಪ್ಟ್‌ಗೆ & ಹಾಕಿದ ಮೇಲೆ ಫೇಲ್ ಆದರೂ "ಮುಗಿಯಿತು" ಅನ್ನುತ್ತಿದೆ. ಸರಿಯಾಗಿ ಪ್ಯಾರಲಲ್ ಮಾಡುವುದು ಹೇಗೆ?

ಶೆಲ್‌ಸಿಪ್ಪೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಕೈಗೆ ಒಂದು ಹಳೆಯ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಬಂದಿದೆ. ಅದರಲ್ಲಿ 12 ಸ್ಟ್ಯಾಟಿಕ್ ಲೈಬ್ರರಿ, ಕೊನೆಯಲ್ಲಿ 3 ಪ್ರೋಗ್ರಾಂ. ಪ್ರತಿ ಲೈಬ್ರರಿಗೂ ಅದರದೇ ಫೋಲ್ಡರ್, ಅದರದೇ ಮೇಕ್‌ಫೈಲ್ (ಏನನ್ನು ಹೇಗೆ ಕಂಪೈಲ್ ಮಾಡಬೇಕು ಅಂತ ಮೇಕ್ ಕಮಾಂಡ್‌ಗೆ ಹೇಳುವ ಫೈಲ್). ಎಲ್ಲವನ್ನೂ ಬಿಲ್ಡ್ ಮಾಡುವುದು ಒಂದು ಬ್ಯಾಶ್ ಸ್ಕ್ರಿಪ್ಟ್. ಒಳಗೆ ಏನೂ ದೊಡ್ಡ ವಿದ್ಯೆ ಇಲ್ಲ. ಒಂದು ಫಾರ್ ಲೂಪ್ ಇದೆ. ಪ್ರತಿ ಫೋಲ್ಡರ್‌ಗೆ ಹೋಗುತ್ತದೆ, ಮೇಕ್ ಓಡಿಸುತ್ತದೆ, ಆ ಲೈಬ್ರರಿಯ ಹೆಡರ್‌ಗಳನ್ನು ಎಲ್ಲಕ್ಕೂ ಸೇರಿದ ಒಂದು ಇನ್‌ಕ್ಲೂಡ್ ಫೋಲ್ಡರ್‌ಗೆ ಕಾಪಿ ಮಾಡುತ್ತದೆ, ಮುಂದಿನದಕ್ಕೆ ಹೋಗುತ್ತದೆ.

ಪೂರ್ತಿ ಬಿಲ್ಡ್‌ಗೆ 23 ನಿಮಿಷ ಹಿಡಿಯುತ್ತದೆ. ಮಷೀನ್‌ನಲ್ಲಿ 8 ಕೋರ್ ಇವೆ, 16 ಜಿಬಿ ಮೆಮೊರಿ ಇದೆ. ಬಿಲ್ಡ್ ಓಡುವಾಗ ಟಾಪ್ ತೆಗೆದು ನೋಡಿದರೆ ಒಂದು ಕೋರ್ ಮಾತ್ರ ದುಡಿಯುತ್ತಿದೆ, ಉಳಿದ ಏಳು ಸುಮ್ನೆ ಕೂತಿವೆ. ನೋಡಿ ಹೊಟ್ಟೆ ಉರಿಯಿತು.

ಅದಕ್ಕೆ ಲೂಪ್ ಒಳಗಿನ ಮೇಕ್ ಸಾಲಿನ ಕೊನೆಗೆ & ಹಾಕಿದೆ, ಅಂದರೆ ಮೇಕ್ ಹಿನ್ನೆಲೆಯಲ್ಲಿ ಓಡುತ್ತಿರುವಾಗಲೇ ಸ್ಕ್ರಿಪ್ಟ್ ಮುಂದೆ ಹೋಗುತ್ತದೆ. ಲೂಪ್ ಮುಗಿದ ಮೇಲೆ ಎಲ್ಲವೂ ಮುಗಿಯುವ ತನಕ ಕಾಯಲಿ ಅಂತ ಒಂದು ವೇಟ್ ಹಾಕಿದೆ. ಈಗ ಹೀಗಾಗುತ್ತಿದೆ:

ಒಂದೊಂದು ಸಲ ಚೆನ್ನಾಗಿ ಓಡಿ 7 ನಿಮಿಷಕ್ಕೆ ಮುಗಿಯುತ್ತದೆ. ಒಂದೊಂದು ಸಲ ಯಾವುದೋ ಹೆಡರ್ ಸಿಗಲಿಲ್ಲ ಅಂತ ಎರರ್ ಬರುತ್ತದೆ. ಅದೇ ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಸರಿ ಹೋಗುತ್ತದೆ! ಇನ್ನೂ ಕೆಟ್ಟದ್ದು ಅಂದರೆ, ಮಧ್ಯೆ ಎರರ್ ಬಂದರೂ ಸ್ಕ್ರಿಪ್ಟ್ ಕೊನೆಗೆ "ಮುಗಿಯಿತು" ಅಂತ ಪ್ರಿಂಟ್ ಮಾಡಿ ಸೊನ್ನೆ (ಅಂದರೆ "ಎಲ್ಲ ಸರಿ") ರಿಟರ್ನ್ ಮಾಡುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಸೆಟ್ -ಇ (ಯಾವ ಕಮಾಂಡ್ ಫೇಲ್ ಆದರೂ ಸ್ಕ್ರಿಪ್ಟ್ ನಿಲ್ಲಲಿ ಅನ್ನುವ ಸೆಟ್ಟಿಂಗ್) ಇದೆ, ಆದರೂ ಹೀಗೆ.

ಇನ್ನೂ ವೇಗ ಬರಲಿ ಅಂತ ಒಳಗಿನ ಮೇಕ್‌ಗೆ -ಜೆ (ಹಲವು ಕೆಲಸ ಒಟ್ಟಿಗೆ ಓಡಿಸುವ ಆಪ್ಷನ್) ಕೊಟ್ಟು ನೋಡಿದೆ. ಮೌಸ್ ಕೂಡ ಅಲ್ಲಾಡಲಿಲ್ಲ. ಆಮೇಲೆ ಲಾಗ್‌ನಲ್ಲಿ "ಕಿಲ್ಡ್" ಅಂತ, ಅದರ ಪಕ್ಕ ಸಿಸಿ1ಪ್ಲಸ್ ಅಂತ ಬಂದಿತ್ತು. ಕಂಪೈಲರ್‌ದೇ ಬಗ್ ಇರಬಹುದಾ?

ಟರ್ಮಿನಲ್‌ನಲ್ಲಿ ಎಲ್ಲ ಲೈಬ್ರರಿಗಳ ಸಂದೇಶಗಳೂ ಒಂದರೊಳಗೆ ಒಂದು ಸೇರಿ ಕಲಸುಮೇಲೋಗರ ಆಗುತ್ತಿವೆ. ಯಾವ ಎರರ್ ಯಾರದು ಅಂತ ಗೊತ್ತಾಗುತ್ತಿಲ್ಲ.

ಪ್ರಾಜೆಕ್ಟನ್ನು ಪೂರ್ತಿ ಬೇರೆ ಬಿಲ್ಡ್ ಸಿಸ್ಟಮ್‌ಗೆ ಬದಲಾಯಿಸುವಷ್ಟು ಸಮಯ ಇಲ್ಲ. ಶೆಲ್ ಸ್ಕ್ರಿಪ್ಟ್ ಇಟ್ಟುಕೊಂಡೇ ಏನು ಮಾಡಬಹುದು?

---

ಪೈಪುಪ್ರಿಯ:

& ಬಿಟ್ಟು ಎಕ್ಸಾರ್ಗ್ಸ್ ಬಳಸಿ. ಕೊಟ್ಟ ಪಟ್ಟಿಯ ಹೆಸರುಗಳಿಗೆ ಒಂದು ಕಮಾಂಡ್ ಓಡಿಸುವ ಸಾಧನ ಅದು. ಫೋಲ್ಡರ್ ಹೆಸರುಗಳನ್ನು ಸಾಲಾಗಿ ಪ್ರಿಂಟ್ ಮಾಡಿ ಪೈಪ್‌ನಲ್ಲಿ ಕೊಡಿ. -ಎನ್ 1 ಅಂದರೆ ಸಲಕ್ಕೆ ಒಂದು ಹೆಸರು, -ಪಿ 8 (ದೊಡ್ಡ ಪಿ) ಅಂದರೆ ಒಟ್ಟಿಗೆ ಎಂಟು ಕೆಲಸ. ಹನ್ನೆರಡೂ ಒಟ್ಟಿಗೆ ನುಗ್ಗುವುದಿಲ್ಲ. ಒಂದು ಮುಗಿದ ಹಾಗೆ ಇನ್ನೊಂದು ಶುರುವಾಗುತ್ತದೆ. ಯಾವುದಾದರೂ ಫೇಲ್ ಆದರೆ ಎಕ್ಸಾರ್ಗ್ಸ್ ಕೊನೆಗೆ 123 ರಿಟರ್ನ್ ಮಾಡುತ್ತದೆ, ಹಾಗಾಗಿ ಸೆಟ್ -ಇ ಅದನ್ನು ಹಿಡಿಯುತ್ತದೆ. ಎರಡು ಸಾಲಿನ ಬದಲಾವಣೆ, ಅಷ್ಟೇ.

---

ಹಳೇಮೇಕು:

ಪೈಪುಪ್ರಿಯ ಹೇಳಿದ್ದು ಸರಿ. ಆದರೆ ಅದರಿಂದ ಅರ್ಧ ಸಮಸ್ಯೆ ಮಾತ್ರ ಹೋಗುತ್ತದೆ. ಇನ್ನೊಂದು ಮಾತು, ಎಕ್ಸಾರ್ಗ್ಸ್ ಒಂದು ಕೆಲಸ ಫೇಲ್ ಆದ ಕೂಡಲೇ ನಿಲ್ಲುವುದಿಲ್ಲ. ಉಳಿದದ್ದನ್ನೆಲ್ಲ ಓಡಿಸಿ ಮುಗಿಸಿಯೇ 123 ಕೊಡುತ್ತದೆ. ಒಳಗಿನ ಕಮಾಂಡ್ 255 ರಿಟರ್ನ್ ಮಾಡಿದರೆ ಮಾತ್ರ ತಕ್ಷಣ ಕೈಬಿಡುತ್ತದೆ.

ಶೆಲ್‌ಸಿಪ್ಪೆ ಅವರೇ, ನೀವು ಒಂದೇ ಪ್ರಶ್ನೆ ಕೇಳಿದಂತೆ ಕಂಡರೂ ಅದರಲ್ಲಿ ಮೂರು ತೊಂದರೆ ಸೇರಿಕೊಂಡಿವೆ. ಫೇಲ್ ಆದದ್ದು ಗೊತ್ತಾಗದಿರುವುದು ಒಂದು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಎಲ್ಲೂ ಬರೆದಿಲ್ಲದಿರುವುದು ಇನ್ನೊಂದು. ಒಟ್ಟು ಎಷ್ಟು ಕಂಪೈಲರ್ ಓಡಬೇಕು ಅಂತ ಯಾರೂ ಲೆಕ್ಕ ಇಡದಿರುವುದು ಮೂರನೆಯದು. ಕಂಪೈಲರ್‌ನಲ್ಲಿ ಬಗ್ ಏನೂ ಇಲ್ಲ, ಅದನ್ನು ಬಿಡಿ.

ಮೊದಲನೆಯದು ಸುಲಭ. & ಹಾಕಿದ ಕಮಾಂಡ್ ಶೆಲ್‌ಗೆ ತಕ್ಷಣ ಸೊನ್ನೆಯನ್ನೇ ಕೊಡುತ್ತದೆ, ಯಾಕೆಂದರೆ ಆ ಕ್ಷಣದಲ್ಲಿ ಅದು ಇನ್ನೂ ಶುರುವಾಗಿದೆ ಅಷ್ಟೇ. ಹಾಗಾಗಿ ಸೆಟ್ -ಇ ಅದನ್ನು ನೋಡುವುದೇ ಇಲ್ಲ. ಇನ್ನು ಮುಂದೆ ಏನೂ ಕೊಡದೆ ಬರಿ ವೇಟ್ ಅಂದರೆ, ಎಲ್ಲ ಮಕ್ಕಳೂ ಮುಗಿಯುವ ತನಕ ಕಾಯುತ್ತದೆ, ಆದರೆ ಅವರಲ್ಲಿ ಯಾರು ಬಿದ್ದರೂ ತಾನು ಸೊನ್ನೆ ಕೊಡುತ್ತದೆ. ಮ್ಯಾನ್ಯುಅಲ್‌ನಲ್ಲೇ ಹೀಗಂತ ಬರೆದಿದೆ, ಬಗ್ ಅಲ್ಲ. ಪರಿಹಾರ: ಪ್ರತಿ & ಆದ ಮೇಲೆ $! (ಈಗ ತಾನೇ ಬಿಟ್ಟ ಕೆಲಸದ ಪ್ರೋಸೆಸ್ ನಂಬರ್, ಅಂದರೆ ಪಿಡ್) ಅನ್ನು ಒಂದು ಅರೇಯಲ್ಲಿ ಕೂಡಿಸಿಡಿ. ಆಮೇಲೆ ಆ ಅರೇಯ ಒಂದೊಂದೇ ಪಿಡ್ ಕೊಟ್ಟು ವೇಟ್ ಮಾಡಿ. ಆಗ ವೇಟ್ ಆಯಾ ಕೆಲಸದ ನಿಜವಾದ ಸ್ಟೇಟಸ್ ಕೊಡುತ್ತದೆ. ಅದು ಆಗಲೇ ಮುಗಿದಿದ್ದರೂ ತೊಂದರೆ ಇಲ್ಲ, ಬ್ಯಾಶ್ ನೆನಪಿಟ್ಟುಕೊಂಡಿರುತ್ತದೆ. ಯಾರು ಮೊದಲು ಮುಗಿಸುತ್ತಾರೋ ಅವರನ್ನು ಮೊದಲು ನೋಡಬೇಕು ಅಂದರೆ ವೇಟ್ -ಎನ್ ಇದೆ. ಅದು ಬ್ಯಾಶ್ 4.3ರಿಂದ ಬಂದದ್ದು. ಮುಗಿದದ್ದು ಯಾವ ಪಿಡ್ ಅಂತ ತಿಳಿಸುವ -ಪಿ ಬಂದದ್ದು 5.1ರಲ್ಲಿ.

ಇಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಸ್ಕ್ರಿಪ್ಟ್ ಒಳಗೆ & ಹಾಕಿ ಬಿಟ್ಟ ಕೆಲಸಗಳು ಕಂಟ್ರೋಲ್-ಸಿ ಅನ್ನು ಲೆಕ್ಕಿಸುವುದಿಲ್ಲ. ಇಂಟರ್‌ಯಾಕ್ಟಿವ್ ಅಲ್ಲದ ಶೆಲ್‌ನಲ್ಲಿ ಜಾಬ್ ಕಂಟ್ರೋಲ್ ಇರುವುದಿಲ್ಲ. ಅದಕ್ಕೇ ಶೆಲ್ ಅಂಥ ಕೆಲಸಗಳಿಗೆ ಆ ಸಿಗ್ನಲ್ ಮುಟ್ಟದ ಹಾಗೆ ಮಾಡಿಯೇ ಓಡಿಸುತ್ತದೆ. ನೀವು ಕಂಟ್ರೋಲ್-ಸಿ ಒತ್ತಿದರೆ ಸ್ಕ್ರಿಪ್ಟ್ ಸಾಯುತ್ತದೆ, ಕಂಪೈಲರ್‌ಗಳು ಹಿಂದೆ ಓಡುತ್ತಲೇ ಇರುತ್ತವೆ. ಮತ್ತೆ ಸ್ಕ್ರಿಪ್ಟ್ ಶುರು ಮಾಡಿದರೆ ಹಳೆಯವೂ ಹೊಸವೂ ಒಂದೇ ಫೈಲ್‌ಗೆ ಬರೆಯುತ್ತವೆ. "ಒಂದೊಂದು ಸಲ ವಿಚಿತ್ರವಾಗಿ ಫೇಲ್ ಆಗುತ್ತದೆ" ಅನ್ನುವ ಕಥೆಗಳಲ್ಲಿ ಎಷ್ಟೋ ಕಥೆಗಳು ಇಲ್ಲಿಂದಲೇ ಹುಟ್ಟುತ್ತವೆ. ಆ ಇಂಟರಪ್ಟ್ ಸಿಗ್ನಲ್‌ಗೆ ಒಂದು ಟ್ರ್ಯಾಪ್ (ಸಿಗ್ನಲ್ ಬಂದಾಗ ಏನು ಮಾಡಬೇಕು ಅಂತ ಹೇಳುವ ಸಾಲು) ಹಾಕಿ, ಅದರಲ್ಲಿ ಕಿಲ್ 0 ಕರೆಯಿರಿ. ಇಡೀ ಗುಂಪು ನಿಲ್ಲುತ್ತದೆ.

ಮೇಕ್‌ನ ಔಟ್‌ಪುಟ್ ಅನ್ನು ಟೀ ಮೂಲಕ ಲಾಗ್ ಫೈಲ್‌ಗೆ ಬರೆಯುತ್ತಿದ್ದೀರಾ? ಹಾಗಿದ್ದರೆ ಸೆಟ್ -ಓ ಪೈಪ್‌ಫೇಲ್ ಕೂಡ ಬೇಕು. ಇಲ್ಲದಿದ್ದರೆ ಪೈಪ್‌ನ ಸ್ಟೇಟಸ್ ಅಂದರೆ ಕೊನೆಯ ಕಮಾಂಡ್‌ದು, ಅಂದರೆ ಟೀದು. ಟೀ ಯಾವತ್ತಾದರೂ ಫೇಲ್ ಆದದ್ದು ನೋಡಿದ್ದೀರಾ?

ಎರಡನೆಯದಕ್ಕೆ ಬರೋಣ. ನಿಮ್ಮ ಫಾರ್ ಲೂಪ್‌ನಲ್ಲಿ 12 ಹೆಸರುಗಳು ಒಂದು ಕ್ರಮದಲ್ಲಿದ್ದವು ಅಲ್ವಾ? ಆ ಕ್ರಮವೇ ನಿಮ್ಮ ಪ್ರಾಜೆಕ್ಟ್‌ನ ಡಿಪೆಂಡೆನ್ಸಿ ಪಟ್ಟಿ ಆಗಿತ್ತು. ಮೂರನೆಯದು ಮೊದಲನೆಯದರ ಹೆಡರ್ ಬಳಸುತ್ತದೆ ಅನ್ನುವುದನ್ನು ಯಾರೂ ಬರೆದಿರಲಿಲ್ಲ. ಮೊದಲನೆಯದು ಮೊದಲು ಓಡುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. & ಹಾಕಿದ ಕೂಡಲೇ ಆ ಕ್ರಮ ಹೋಯಿತು. ಎರಡನೇ ಸಲ ಓಡಿಸಿದರೆ ಸರಿ ಹೋಗುವುದಕ್ಕೂ ಇದೇ ಕಾರಣ. ಹೋದ ಸಲ ಕಾಪಿ ಆದ ಹೆಡರ್ ಅಲ್ಲೇ ಬಿದ್ದಿರುತ್ತದೆ.

ಈಗ ಹೆಚ್ಚಿನವರು ಕೂತು "ಇದಕ್ಕೆ ಅದು ಬೇಕು, ಅದಕ್ಕೆ ಮತ್ತೊಂದು ಬೇಕು" ಅಂತ 12 ಲೈಬ್ರರಿಗಳ ಸರಪಳಿ ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ವೇಗ ಬರುವುದಿಲ್ಲ. ಸರಪಳಿ ಉದ್ದವಾದರೆ ಒಂದರ ಹಿಂದೆ ಒಂದು ಕಾಯುವುದು ತಪ್ಪುವುದಿಲ್ಲ. ಸ್ವಲ್ಪ ನಿಂತು ಯೋಚನೆ ಮಾಡಿ: ಮೂರನೇ ಲೈಬ್ರರಿಯನ್ನು ಕಂಪೈಲ್ ಮಾಡಲು ಮೊದಲನೆಯದರ ಏನು ಬೇಕು? ಹೆಡರ್ ಮಾತ್ರ. ಅದರ ಆರ್ಕೈವ್ ಫೈಲ್ ಬೇಡವೇ ಬೇಡ. ಸ್ಟ್ಯಾಟಿಕ್ ಲೈಬ್ರರಿ ಅಂದರೆ ಆಬ್ಜೆಕ್ಟ್ ಫೈಲ್‌ಗಳ ಒಂದು ಕಟ್ಟು, ಅದು ಇನ್ನೊಂದು ಲೈಬ್ರರಿಯ ಜೊತೆ ಲಿಂಕ್ ಆಗುವುದಿಲ್ಲ. ಲಿಂಕ್ ನಡೆಯುವುದು ಕೊನೆಯ 3 ಪ್ರೋಗ್ರಾಂಗಳಲ್ಲಿ ಮಾತ್ರ.

ಹಾಗಾಗಿ ಕೆಲಸವನ್ನು ಹೀಗೆ ಒಡೆಯಿರಿ. ಮೊದಲು ಹನ್ನೆರಡೂ ಲೈಬ್ರರಿಗಳ ಹೆಡರ್‌ಗಳು ಇನ್‌ಕ್ಲೂಡ್ ಫೋಲ್ಡರ್‌ಗೆ ಹೋಗಲಿ. ಅದು ಕೆಲವೇ ಸೆಕೆಂಡಿನ ಕೆಲಸ. ಆಮೇಲೆ ಹನ್ನೆರಡು ಲೈಬ್ರರಿಗಳೂ ಯಾವ ಕ್ರಮವೂ ಇಲ್ಲದೆ ಒಟ್ಟಿಗೆ ಕಂಪೈಲ್ ಆಗಲಿ. ಎಲ್ಲ ಆದ ಮೇಲೆ ಪ್ರೋಗ್ರಾಂಗಳ ಲಿಂಕ್. ಸರಪಳಿ ಹೋಗಿ ಮೂರು ಮೆಟ್ಟಿಲು ಉಳಿಯುತ್ತದೆ. ಯಾವುದಾದರೂ ಹೆಡರ್ ಅನ್ನು ಬೇರೆ ಸ್ಕ್ರಿಪ್ಟ್ ತಯಾರು ಮಾಡುತ್ತಿದ್ದರೆ, ಉದಾಹರಣೆಗೆ ವರ್ಷನ್ ನಂಬರ್ ಇರುವ ಹೆಡರ್, ಅದೂ ಮೊದಲ ಮೆಟ್ಟಿಲಲ್ಲೇ ತಯಾರಾಗಬೇಕು. ಅದನ್ನು ಒಬ್ಬರೇ ತಯಾರು ಮಾಡಬೇಕು. 12 ಫೋಲ್ಡರ್‌ಗಳೂ ಅದೇ ಫೈಲನ್ನು ಮತ್ತೆ ಮತ್ತೆ ಬರೆಯುವುದನ್ನು ನಾನು ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ನೋಡಿದ್ದೇನೆ.

ಕಾಪಿ ಮಾಡುವುದರಲ್ಲೂ ಒಂದು ಎಚ್ಚರ ಬೇಕು. ಬರಿ ಸಿಪಿ ಬಳಸಿದರೆ ಪ್ರತಿ ಸಲವೂ ಹೆಡರ್‌ನ ಸಮಯ ಹೊಸದಾಗುತ್ತದೆ. ಮೇಕ್ ನೋಡುವುದೇ ಸಮಯವನ್ನು. ಹೆಡರ್‌ನಲ್ಲಿ ಒಂದು ಅಕ್ಷರ ಬದಲಾಗದಿದ್ದರೂ ಅದನ್ನು ಬಳಸುವ ಫೈಲ್‌ಗಳೆಲ್ಲ ಮತ್ತೆ ಕಂಪೈಲ್ ಆಗುತ್ತವೆ. ಇನ್‌ಸ್ಟಾಲ್ -ಸಿ ಬಳಸಿ, ದೊಡ್ಡ ಸಿ. ಅದು ಎರಡೂ ಫೈಲ್ ಹೋಲಿಸಿ ನೋಡುತ್ತದೆ, ಒಂದೇ ಇದ್ದರೆ ಮುಟ್ಟುವುದಿಲ್ಲ. ಇದೊಂದರಿಂದಲೇ ನಿಮ್ಮ ದಿನದ ಬಿಲ್ಡ್ ಎಷ್ಟು ಕಡಿಮೆ ಆಗುತ್ತದೆ ನೋಡಿ. ಪ್ಯಾರಲಲ್‌ಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಮಾಡದೇ ಇರುವ ಕೆಲಸಕ್ಕಿಂತ ವೇಗವಾದ ಕೆಲಸ ಇಲ್ಲ.

ಸ್ಕ್ರಿಪ್ಟ್ ತಯಾರಿಸುವ ಹೆಡರ್‌ಗಳನ್ನು ಬೇರೆ ಹೆಸರಿನಲ್ಲಿ ಬರೆದು, ಪೂರ್ತಿ ಆದ ಮೇಲೆ ಎಂವಿ ಮಾಡಿ. ಒಂದೇ ಫೈಲ್‌ಸಿಸ್ಟಮ್ ಒಳಗೆ ಎಂವಿ ಅಂದರೆ ಹೆಸರು ಬದಲಾಯಿಸುವುದು ಅಷ್ಟೇ. ಓದುವವರಿಗೆ ಹಳೆಯದು ಸಿಗುತ್ತದೆ ಇಲ್ಲವೇ ಹೊಸದು ಸಿಗುತ್ತದೆ. ಅರ್ಧ ಬರೆದ ಫೈಲ್ ಯಾರಿಗೂ ಸಿಗುವುದಿಲ್ಲ.

ಈಗ ಮೂರನೆಯದು, ಮಷೀನ್ ಅಲ್ಲಾಡದೆ ನಿಂತದ್ದು. ಮೇಕ್‌ಗೆ -ಜೆ ಕೊಟ್ಟು ಮುಂದೆ ನಂಬರ್ ಕೊಡದಿದ್ದರೆ "ಮಿತಿ ಇಲ್ಲ" ಅಂತ ಅರ್ಥ. ಅಂಥ ಮೇಕ್‌ಗಳನ್ನು ನೀವು 12 ಒಟ್ಟಿಗೆ ಬಿಟ್ಟಿರಿ. ಒಂದೊಂದು ಫೋಲ್ಡರ್‌ನಲ್ಲಿ 30 ಫೈಲ್ ಇದ್ದರೂ 360 ಕಂಪೈಲರ್. ಮೆಮೊರಿ ತುಂಬಿತು, ಕರ್ನಲ್‌ನ ಓಓಎಂ ಕಿಲ್ಲರ್ ಬಂದು ದಪ್ಪಗಿದ್ದವನನ್ನು ಹಿಡಿದು ಕೊಂದಿತು. ಅದೇ ಆ "ಕಿಲ್ಡ್". ಡಿಎಂಇಎಸ್‌ಜಿ ಕಮಾಂಡ್‌ನಲ್ಲಿ ನೋಡಿದರೆ ಯಾವ ಪ್ರೋಸೆಸ್, ಎಷ್ಟು ಮೆಮೊರಿ ಅಂತ ಬರೆದಿರುತ್ತದೆ.

"ಹಾಗಾದರೆ -ಜೆ8 ಕೊಡುತ್ತೇನೆ" ಅಂದರೂ 12 ಫೋಲ್ಡರ್‌ಗೆ 96. ನಾನು ಹೇಳಬೇಕು ಅಂದುಕೊಂಡಿರುವ ಒಂದೇ ಮಾತು ಇದು: ಎಷ್ಟು ಕೆಲಸ ಒಟ್ಟಿಗೆ ಓಡಬೇಕು ಅಂತ ಒಂದೇ ಜಾಗದಲ್ಲಿ ತೀರ್ಮಾನ ಆಗಬೇಕು. ಶೆಲ್ ಸ್ಕ್ರಿಪ್ಟ್ ಒಂದು ಲೆಕ್ಕ, ಮೇಕ್ ಇನ್ನೊಂದು ಲೆಕ್ಕ ಹಾಕಬಾರದು. ಯಾವುದಕ್ಕೆ ಯಾವುದು ಬೇಕು ಅಂತ ಗೊತ್ತಿರುವುದು ಮೇಕ್‌ಗೆ. ಹಾಗಾಗಿ ಲೆಕ್ಕ ಅದಕ್ಕೇ ಬಿಡಿ. ನಿಮ್ಮ ಫಾರ್ ಲೂಪ್ ಅನ್ನು ತೆಗೆದುಹಾಕಿ ಮೇಲಿನ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಮೇಕ್‌ಫೈಲ್ ಬರೆಯಿರಿ. ಪ್ರತಿ ಲೈಬ್ರರಿಯೂ ಒಂದು ಫೋನಿ ಟಾರ್ಗೆಟ್, ಅಂದರೆ ಫೈಲ್ ಅಲ್ಲದ, ಬರಿ ಹೆಸರಿನ ಗುರಿ. ಒಳಗೆ ಒಂದೇ ಸಾಲು, $(ಮೇಕ್) -ಸಿ ಆ ಫೋಲ್ಡರ್, ಇಲ್ಲೂ ದೊಡ್ಡ ಸಿ. ಮೇಕ್‌ಫೈಲ್‌ನಲ್ಲಿ ಆ ಮೇಕ್ ಅನ್ನುವುದು ದೊಡ್ಡ ಅಕ್ಷರದ ವೇರಿಯಬಲ್ ಆಗಿರಬೇಕು, ಬರಿ ಕಮಾಂಡ್ ಹೆಸರು ಅಲ್ಲ. ಲೈಬ್ರರಿಗಳೆಲ್ಲ ಹೆಡರ್ ಟಾರ್ಗೆಟ್ ಮೇಲೆ, ಪ್ರೋಗ್ರಾಂಗಳು ಲೈಬ್ರರಿಗಳ ಮೇಲೆ ಡಿಪೆಂಡ್ ಆಗಲಿ. ಶೆಲ್ ಸ್ಕ್ರಿಪ್ಟ್‌ನಲ್ಲಿ ಉಳಿಯುವುದು ಒಂದೇ ಸಾಲು: ಮೇಕ್ -ಜೆ ಮತ್ತು ಒಂದು ನಂಬರ್.

ವೇರಿಯಬಲ್ ಯಾಕೆ ಅಂತ ಹೇಳಿಬಿಡುತ್ತೇನೆ, ಎಲ್ಲರೂ ಎಡವುವ ಜಾಗ ಇದೇ. ಗ್ನೂ ಮೇಕ್ ಒಳಗೆ ಜಾಬ್‌ಸರ್ವರ್ ಅಂತ ಒಂದಿದೆ. ಹೆಸರು ದೊಡ್ಡದು, ಇರುವುದು ಒಂದು ಪೈಪ್. -ಜೆ8 ಕೊಟ್ಟರೆ ಮೇಲಿನ ಮೇಕ್ ಆ ಪೈಪ್‌ಗೆ 7 ಅಕ್ಷರ ಹಾಕುತ್ತದೆ. ಎಂಟನೆಯದು ಅದರ ಸ್ವಂತದ್ದು. ಒಳಗಿನ ಯಾವ ಮೇಕ್ ಆದರೂ ಒಂದು ಹೆಚ್ಚಿನ ಕೆಲಸ ಶುರು ಮಾಡಬೇಕಾದರೆ ಆ ಪೈಪ್‌ನಿಂದ ಒಂದು ಅಕ್ಷರ ಓದಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ವಾಪಸ್ ಹಾಕಬೇಕು. ಪೈಪ್ ಖಾಲಿ ಇದ್ದರೆ ಕಾಯಬೇಕು. ಆದ್ದರಿಂದ 12 ಫೋಲ್ಡರ್ ಇರಲಿ, 200 ಇರಲಿ, ಒಟ್ಟು ಎಂಟೇ. ಒಂದು ಚಿಕ್ಕ ಲೈಬ್ರರಿ ಮುಗಿದರೆ ಅದರ ಪಾಲು ತಾನಾಗಿ ದೊಡ್ಡ ಲೈಬ್ರರಿಗೆ ಹೋಗುತ್ತದೆ. ಎಕ್ಸಾರ್ಗ್ಸ್‌ನಿಂದ ಇದು ಆಗುವುದಿಲ್ಲ. ನೀವು ಆ ವೇರಿಯಬಲ್ ಬಳಸಿದಾಗ ಮಾತ್ರ ಮೇಕ್‌ಗೆ "ಇದು ನನ್ನದೇ ಮರಿ" ಅಂತ ಗೊತ್ತಾಗಿ ಪೈಪನ್ನು ಒಳಗೆ ಬಿಡುತ್ತದೆ. ಮಧ್ಯೆ ಒಂದು ಶೆಲ್ ಸ್ಕ್ರಿಪ್ಟ್ ಇದ್ದು ಅದರೊಳಗೆ ಮೇಕ್ ಇದ್ದರೆ ಆ ಸಾಲಿನ ಮುಂದೆ + ಹಾಕಿ. ಇಲ್ಲದಿದ್ದರೆ "ಜಾಬ್‌ಸರ್ವರ್ ಅನ್‌ಅವೈಲಬಲ್" ಅನ್ನುವ ಎಚ್ಚರಿಕೆ ಬರುತ್ತದೆ, ಒಳಗಿನದು ಒಂದೊಂದೇ ಓಡುತ್ತದೆ. ಜನ ಅದನ್ನು ನೋಡಿಯೂ ನೋಡದ ಹಾಗೆ ಬಿಡುತ್ತಾರೆ.

ನಿಮ್ಮ & ಸ್ಕ್ರಿಪ್ಟ್ 7 ನಿಮಿಷಕ್ಕಿಂತ ಕೆಳಗೆ ಬಂದಿರಲಿಕ್ಕಿಲ್ಲ. ನಿಮ್ಮ ಅತಿ ದೊಡ್ಡ ಲೈಬ್ರರಿ ಒಂದಕ್ಕೇ ಸುಮಾರು ಅಷ್ಟು ಹೊತ್ತು ಬೇಕು ಅಂತ ನನ್ನ ಊಹೆ. ಫೋಲ್ಡರ್‌ಗಳು ಒಟ್ಟಿಗೆ ಓಡಿದರೂ ಆ ಫೋಲ್ಡರ್ ಒಳಗೆ ಫೈಲ್‌ಗಳು ಒಂದೊಂದೇ ಓಡುತ್ತಿದ್ದವು. ಸರಿನಾ?

ನಂಬರ್ ಎಷ್ಟು ಕೊಡಬೇಕು? ಕೋರ್ ಎಷ್ಟಿವೆ ಅಂತ ಎನ್‌ಪ್ರಾಕ್ ಹೇಳುತ್ತದೆ. ಆದರೆ ಸಿ ಪ್ಲಸ್ ಪ್ಲಸ್‌ನಲ್ಲಿ ಮೊದಲು ಮುಗಿಯುವುದು ಮೆಮೊರಿ. ಟೆಂಪ್ಲೇಟ್ ಜಾಸ್ತಿ ಇರುವ ಒಂದು ಫೈಲ್ ಒಂದು ಜಿಬಿ ದಾಟುವುದು ಹೊಸದೇನಲ್ಲ. ಜೆಂಟೂ ಲಿನಕ್ಸ್‌ನವರು ಒಂದು ಕೆಲಸಕ್ಕೆ 2 ಜಿಬಿ ಲೆಕ್ಕ ಹಿಡಿಯಲು ಹೇಳುತ್ತಾರೆ. ಕೋರ್ ಸಂಖ್ಯೆ, ಮೆಮೊರಿಯನ್ನು ಎರಡರಿಂದ ಭಾಗಿಸಿದ ಸಂಖ್ಯೆ, ಇವೆರಡರಲ್ಲಿ ಚಿಕ್ಕದನ್ನು ತೆಗೆದುಕೊಳ್ಳಿ. ನಿಮಗೆ ಎರಡೂ 8 ಬರುತ್ತದೆ. ಬ್ರೌಸರ್ ತೆರೆದಿಟ್ಟುಕೊಂಡು ಕೂರುವವರಾದರೆ 6 ಸಾಕು. ಮೇಕ್‌ಗೆ -ಎಲ್ ಅಂತ ಲೋಡ್ ನೋಡುವ ಆಪ್ಷನ್ ಇದೆ, ಆದರೆ ಅದನ್ನೇ ನಂಬಬೇಡಿ. ಲೋಡ್ ಸರಾಸರಿ ನಿಧಾನವಾಗಿ ಏರುವ ಲೆಕ್ಕ. ಅದು ಏರುವಷ್ಟರಲ್ಲಿ ಮೆಮೊರಿ ಹೋಗಿರುತ್ತದೆ.

ಮಾಡುವ ಮೊದಲು ಹಳೆಯ ಸ್ಕ್ರಿಪ್ಟನ್ನೇ ಟೈಮ್ ಕಮಾಂಡ್ ಇಟ್ಟು ಓಡಿಸಿ. ಯೂಸರ್ ಮತ್ತು ಸಿಸ್ ಎರಡನ್ನೂ ಕೂಡಿ ಕೋರ್‌ಗಳಿಂದ ಭಾಗಿಸಿ. ಅದಕ್ಕಿಂತ ಕೆಳಗೆ ಇಳಿಯುವ ಆಸೆ ಬೇಡ.

---

ಶೆಲ್‌ಸಿಪ್ಪೆ:

ತುಂಬಾ ಧನ್ಯವಾದ. ಹೌದು, ಪಾರ್ಸರ್ ಅನ್ನುವ ಲೈಬ್ರರಿ ಒಂದಕ್ಕೇ 6 ನಿಮಿಷದ ಮೇಲೆ ಬೇಕು. ನೋಡದೇ ಹೇಳಿಬಿಟ್ಟಿರಿ!

ಮೇಲಿನ ಮೇಕ್‌ಫೈಲ್ ಬರೆದೆ, 40 ಸಾಲೂ ಆಗಲಿಲ್ಲ. ಹೆಡರ್ ಮೊದಲು, ಆಮೇಲೆ ಲೈಬ್ರರಿ, ಆಮೇಲೆ ಪ್ರೋಗ್ರಾಂ. ಟೈಮ್ ಹೇಳಿದ ಪ್ರಕಾರ ಯೂಸರ್ ಮತ್ತು ಸಿಸ್ ಕೂಡಿ ಸುಮಾರು 22 ನಿಮಿಷ. -ಜೆ6ರಲ್ಲಿ ಬಿಲ್ಡ್ 5 ನಿಮಿಷದ ಒಳಗೆ ಮುಗಿಯುತ್ತಿದೆ. ಮಷೀನ್ ಕೂಡ ಬಳಸುವ ಹಾಗೆ ಇದೆ. ಬೇಕಂತಲೇ ಒಂದು ಫೈಲ್ ಕೆಡಿಸಿ ನೋಡಿದೆ, ಸರಿಯಾಗಿ ಫೇಲ್ ಆಗುತ್ತದೆ.

ಇನ್ನು ಉಳಿದದ್ದು ಹೀಗೆ. ಕೊನೆಯ 50 ಸೆಕೆಂಡ್ ಬರೀ ಲಿಂಕ್, ಆಗ ಮತ್ತೆ ಕೋರ್‌ಗಳು ಖಾಲಿ. ಔಟ್‌ಪುಟ್ ಇನ್ನೂ ಕಲಸಿಕೊಂಡೇ ಬರುತ್ತಿದೆ. ಇನ್ನೂ ಎಲ್ಲಾದರೂ ಬರೆಯದೇ ಬಿಟ್ಟ ಡಿಪೆಂಡೆನ್ಸಿ ಇದ್ದರೆ ಹೇಗೆ ಹುಡುಕುವುದು? ಜೊತೆಗೆ ಕೆಲಸ ಮಾಡುವ ಒಬ್ಬರ ಹತ್ತಿರ ಮ್ಯಾಕ್ ಇದೆ, ಅಲ್ಲಿ ಎನ್‌ಪ್ರಾಕ್ ಅನ್ನುವ ಕಮಾಂಡೇ ಇಲ್ಲವಂತೆ.

---

ನಿಂಜಾಪಕ್ಷ:

ಸಮಯ ಇಲ್ಲ ಅಂದಿರಿ, ಆದರೂ ಹೇಳುತ್ತೇನೆ. ಸಿಮೇಕ್ ಜೊತೆ ನಿಂಜಾ (ಎರಡೂ ಬಿಲ್ಡ್ ಉಪಕರಣಗಳು) ಹಾಕಿದರೆ ಈ ತಲೆನೋವೇ ಇರುವುದಿಲ್ಲ. ನಿಂಜಾಗೆ ಪ್ಯಾರಲಲ್ ಅನ್ನುವುದು ಆಪ್ಷನ್ ಅಲ್ಲ, ಅದರ ಸ್ವಭಾವ. ಎವನ್ ಮಾರ್ಟಿನ್ ಅದನ್ನು ಕ್ರೋಮ್ ಬಿಲ್ಡ್‌ಗಾಗಿಯೇ ಬರೆದದ್ದು. ಪ್ರತಿ ಕಮಾಂಡ್‌ನ ಔಟ್‌ಪುಟ್ ಅನ್ನು ಹಿಡಿದಿಟ್ಟು, ಅದು ಮುಗಿದ ಮೇಲೆ ಒಟ್ಟಿಗೆ ಪ್ರಿಂಟ್ ಮಾಡುತ್ತದೆ, ಕಲಸುವುದಿಲ್ಲ. ಪೂಲ್ ಅಂತ ಇದೆ. "ಕಂಪೈಲ್ 8 ಓಡಲಿ, ಲಿಂಕ್ ಮಾತ್ರ ಸಲಕ್ಕೆ 2" ಅಂತ ಹೇಳಬಹುದು. ದೊಡ್ಡ ಲಿಂಕ್‌ಗಳಿಗೆ ಮೆಮೊರಿ ಜಾಸ್ತಿ ಬೇಕಾದಾಗ ಇದು ಬಹಳ ಉಪಯೋಗ. ಎಲ್ಲಾ ಫೋಲ್ಡರ್‌ಗಳದ್ದೂ ಒಂದೇ ಗ್ರಾಫ್ ಆಗುವುದರಿಂದ ಮೆಟ್ಟಿಲುಗಳೂ ಬೇಕಾಗುವುದಿಲ್ಲ.

ಲಿಂಕ್ ಈಗಲೇ ವೇಗ ಆಗಬೇಕಾದರೆ ಲಿಂಕರ್ ಬದಲಾಯಿಸಿ. ಮಾಮೂಲಿ ಗ್ನೂ ಎಲ್‌ಡಿ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ಎಲ್‌ಎಲ್‌ಡಿ, ಮೋಲ್ಡ್ ಎರಡೂ ಎಲ್ಲ ಕೋರ್ ಬಳಸುತ್ತವೆ. ಎರಡರಲ್ಲೂ ರುಯಿ ಉಯೆಯಾಮಾ ಅವರ ಕೈವಾಡ ಇದೆ. ಕಂಪೈಲರ್‌ಗೆ -ಎಫ್‌ಯೂಸ್-ಎಲ್‌ಡಿ=ಮೋಲ್ಡ್ ಕೊಟ್ಟರೆ ಆಯಿತು, ಜಿಸಿಸಿ ಕಂಪೈಲರ್ ಆದರೆ 12 ಅಥವಾ ಅದಕ್ಕಿಂತ ಹೊಸದು ಇರಲಿ.

---

ಹಳೇಮೇಕು:

ನಿಂಜಾ ಒಳ್ಳೆಯದೇ, ಹೊಸ ಪ್ರಾಜೆಕ್ಟ್ ಆದರೆ ನಾನೂ ಅದನ್ನೇ ಹಾಕುತ್ತೇನೆ. ಆದರೆ 40 ಸಾಲಿನಿಂದ 23 ನಿಮಿಷ 5ಕ್ಕೆ ಇಳಿದಿರುವಾಗ, ಉಳಿದ ಒಂದು ನಿಮಿಷಕ್ಕಾಗಿ 15 ಮೇಕ್‌ಫೈಲ್ ಮತ್ತೆ ಬರೆಯಬೇಕಾ ಅಂತ ಕೇಳುತ್ತೇನೆ. ಲಿಂಕರ್ ಬದಲಾಯಿಸುವ ಸಲಹೆ ಮಾತ್ರ ಮೊದಲು ಮಾಡಬೇಕಾದದ್ದೇ. ಒಂದು ಫ್ಲಾಗ್ ಅಷ್ಟೇ ಅಲ್ವಾ. ಡೀಬಗ್ ಮಾಹಿತಿ ಇಟ್ಟುಕೊಂಡು ಬಿಲ್ಡ್ ಮಾಡುತ್ತಿದ್ದರೆ -ಜಿಸ್ಪ್ಲಿಟ್-ಡ್ವಾರ್ಫ್ ಕೂಡ ನೋಡಿ. ಡೀಬಗ್ ಮಾಹಿತಿಯ ಹೆಚ್ಚಿನ ಭಾಗ ಬೇರೆ ಫೈಲ್‌ಗೆ ಹೋಗುತ್ತದೆ, ಲಿಂಕರ್ ಅಷ್ಟು ಹೊರೆ ಹೊರಬೇಕಾಗಿಲ್ಲ.

ನಿಂಜಾಗಿಂತ ಮೊದಲು ಸಿಕ್ಯಾಶ್ ಹಾಕಿ. ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ ಹಳೆಯ ಉಪಕರಣ, ಇವತ್ತಿಗೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಅದೇ ಫೈಲ್, ಅದೇ ಹೆಡರ್, ಅದೇ ಫ್ಲಾಗ್ ಇದ್ದರೆ ಕಂಪೈಲ್ ಮಾಡದೆ ಹಳೆಯ ಆಬ್ಜೆಕ್ಟ್ ಫೈಲನ್ನೇ ಕೊಡುತ್ತದೆ. ಬ್ರಾಂಚ್ ಬದಲಾಯಿಸಿ ವಾಪಸ್ ಬರುವವರಿಗೆ, ಕ್ಲೀನ್ ಮಾಡಿಯೇ ಬಿಲ್ಡ್ ಮಾಡುವ ಚಟ ಇರುವವರಿಗೆ ತುಂಬಾ ಅನುಕೂಲ. ಸಿಕ್ಯಾಶ್ -ಎಸ್ ಅಂದರೆ ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ಇಲ್ಲ ಅಂತ ತೋರಿಸುತ್ತದೆ. ಸಿಕ್ಕಿದ್ದು ಸೊನ್ನೆಯೇ ಇದ್ದರೆ, ಪ್ರತಿ ಬಿಲ್ಡ್‌ನಲ್ಲೂ ಬದಲಾಗುವ ತಾರೀಕು, ಸಮಯ ಯಾವುದೋ ಹೆಡರ್ ಒಳಗೆ ಇದೆ ಅಂತ ಅನುಮಾನಪಡಿ. ಆ ವರ್ಷನ್ ಹೆಡರ್ ಅನ್ನೇ ಮೊದಲು ತೆರೆದು ನೋಡಿ.

ಔಟ್‌ಪುಟ್‌ಗೆ: ಗ್ನೂ ಮೇಕ್ 4.0ಯಿಂದ -ಓ ಅಂತ ಇದೆ, ದೊಡ್ಡ ಓ. ಒಂದು ಟಾರ್ಗೆಟ್‌ನ ಸಂದೇಶಗಳೆಲ್ಲ ಒಟ್ಟಿಗೆ ಬರುತ್ತವೆ. ಕಂಪೈಲರ್‌ಗೆ ತಾನು ಟರ್ಮಿನಲ್‌ಗೆ ಬರೆಯುತ್ತಿದ್ದೇನೆ ಅಂತ ಗೊತ್ತಾಗದೆ ಬಣ್ಣ ಹೋಗುತ್ತದೆ. ಬಣ್ಣ ಬೇಕಾದರೆ ಜಿಸಿಸಿಗೆ -ಎಫ್‌ಡಯಾಗ್ನಾಸ್ಟಿಕ್ಸ್-ಕಲರ್=ಆಲ್ವೇಸ್ ಕೊಡಿ.

ಬರೆಯದೇ ಬಿಟ್ಟ ಡಿಪೆಂಡೆನ್ಸಿ ಹುಡುಕಲು ಮೇಕ್ 4.4ರಲ್ಲಿ --ಷಫಲ್ ಬಂದಿದೆ. ಅದು ಡಿಪೆಂಡೆನ್ಸಿಗಳನ್ನು ಬೇಕಂತಲೇ ಕಲಸಿದ ಕ್ರಮದಲ್ಲಿ ಓಡಿಸುತ್ತದೆ. ಫೇಲ್ ಆದರೆ ಎರರ್ ಸಾಲಿನಲ್ಲೇ ಸೀಡ್ ನಂಬರ್ ಬರುತ್ತದೆ, ಅದನ್ನು ವಾಪಸ್ ಕೊಟ್ಟರೆ ಅದೇ ಕ್ರಮ ಮತ್ತೆ ಬರುತ್ತದೆ. --ಷಫಲ್=ರಿವರ್ಸ್ ಅಂತಲೂ ಇದೆ. ನನಗೆ ಅದೇ ಇಷ್ಟ, ಯಾಕೆಂದರೆ ಮನುಷ್ಯರು ಸರಿಯಾದ ಕ್ರಮದಲ್ಲಿ ಬರೆದು ಅದನ್ನೇ ನಂಬಿಕೊಂಡಿರುತ್ತಾರೆ. ತಿರುಗಿಸಿ ಓಡಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಪ್ರತಿ ಸಲವೂ ಪೂರ್ತಿ ಕ್ಲೀನ್ ಮಾಡಿ, ಇನ್‌ಕ್ಲೂಡ್ ಫೋಲ್ಡರ್ ಕೂಡ ಅಳಿಸಿ ಓಡಿಸಿ. ಹಾಗೆಯೇ ಮೇಕ್‌ಫೈಲ್‌ಗಳಲ್ಲಿ .ಡಿಲೀಟ್_ಆನ್_ಎರರ್ ಅನ್ನುವ ಟಾರ್ಗೆಟ್ ಇರಲಿ, ದೊಡ್ಡ ಅಕ್ಷರದಲ್ಲಿ. ಇಲ್ಲದಿದ್ದರೆ ಫೇಲ್ ಆದ ಕೆಲಸ ಅರ್ಧ ಬರೆದ ಫೈಲನ್ನು ಬಿಟ್ಟು ಹೋಗಬಹುದು. ಮುಂದಿನ ಸಲ ಮೇಕ್ ಅದರ ಸಮಯ ನೋಡಿ "ಇದು ಹೊಸದಾಗಿಯೇ ಇದೆ" ಅಂತ ಮುಂದೆ ಹೋಗುತ್ತದೆ.

ಪಾರ್ಸರ್ ಅನ್ನು ಲೈಬ್ರರಿ ಪಟ್ಟಿಯಲ್ಲಿ ಮೊದಲಿಗೆ ಇಡಿ. ಮೇಕ್ ಸಾಮಾನ್ಯವಾಗಿ ಬರೆದ ಕ್ರಮದಲ್ಲೇ ಶುರು ಮಾಡುತ್ತದೆ. ದೊಡ್ಡದು ಕೊನೆಗೆ ಶುರುವಾದರೆ ಉಳಿದವರೆಲ್ಲ ಮುಗಿಸಿ ಅದಕ್ಕಾಗಿ ಕಾಯಬೇಕಾಗುತ್ತದೆ.

ಮ್ಯಾಕ್ ವಿಷಯ. ಅಲ್ಲಿ ಕೋರ್ ಸಂಖ್ಯೆಗೆ ಸಿಸ್‌ಸಿಟಿಎಲ್ -ಎನ್ ಕೊಟ್ಟು ಎಚ್‌ಡಬ್ಲ್ಯು.ಎನ್‌ಸಿಪಿಯು ಕೇಳಿ. ಎರಡೂ ಕಡೆ ಒಂದೇ ಸಾಲು ನಡೆಯಬೇಕಾದರೆ ಗೆಟ್‌ಕಾನ್ಫ್ _ಎನ್‌ಪ್ರೊಸೆಸರ್ಸ್_ಓಎನ್‌ಎಲ್‌ಎನ್ ಬಳಸಿ, ಅದು ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಕೆಲಸ ಮಾಡುತ್ತದೆ. ಕಂಟೇನರ್ ಒಳಗೆ ಬಿಲ್ಡ್ ಮಾಡುವುದಾದರೆ ಈ ಯಾವುದನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಂಟೇನರ್‌ಗೆ 2 ಸಿಪಿಯು ಕೋಟಾ ಹಾಕಿದ್ದರೂ ಹಳೆಯ ಎನ್‌ಪ್ರಾಕ್ ಹೊರಗಿನ ಮಷೀನ್‌ನ 64 ಕೋರ್ ಅಂತಲೇ ಹೇಳುತ್ತದೆ. ಅಲ್ಲಿ ನಂಬರ್ ಕೈಯಲ್ಲೇ ಬರೆಯಿರಿ.

ಮ್ಯಾಕ್ ಜೊತೆ ಬರುವ ಮೇಕ್ 3.81, ಬ್ಯಾಶ್ 3.2. ಎರಡೂ ಬಹಳ ಹಳೆಯವು. -ಜೆ ಮತ್ತು ಜಾಬ್‌ಸರ್ವರ್ ನಡೆಯುತ್ತವೆ, ಆದರೆ ಈಗ ಹೇಳಿದ -ಓ ಇಲ್ಲ, --ಷಫಲ್ ಇಲ್ಲ, ವೇಟ್ -ಎನ್ ಕೂಡ ಇಲ್ಲ. ಮ್ಯಾಕ್‌ನ ಪ್ಯಾಕೇಜ್ ಮ್ಯಾನೇಜರ್ ಹೋಮ್‌ಬ್ರೂನಿಂದ ಹೊಸ ಮೇಕ್ ಹಾಕಿಸಿ. ಅದು ಜಿಮೇಕ್ ಅನ್ನುವ ಹೆಸರಿನಲ್ಲಿ ಬರುತ್ತದೆ. ಸ್ಕ್ರಿಪ್ಟ್‌ನಲ್ಲಿ ಜಿಮೇಕ್ ಇದ್ದರೆ ಅದನ್ನು, ಇಲ್ಲದಿದ್ದರೆ ಮೇಕ್ ಅನ್ನು ಕರೆಯುವ ಹಾಗೆ ಒಂದು ಇಫ್ ಬರೆದುಬಿಡಿ. ಒಳಗೆಲ್ಲ ಆ ವೇರಿಯಬಲ್ ಬಳಸಿರುವುದರಿಂದ ಬೇರೆ ಎಲ್ಲೂ ಬದಲಾಯಿಸಬೇಕಾಗಿಲ್ಲ.

---

ಶೆಲ್‌ಸಿಪ್ಪೆ:

ರಿವರ್ಸ್ ಹಾಕಿದ ಕೂಡಲೇ ಒಂದು ಸಿಕ್ಕಿಬಿದ್ದಿತು. ಒಂದು ಲೈಬ್ರರಿಯ ಟೆಸ್ಟ್ ಡೇಟಾ ಫೈಲನ್ನು ಇನ್ನೊಂದರ ಮೇಕ್‌ಫೈಲ್ ತಯಾರು ಮಾಡುತ್ತಿತ್ತು, ಎಲ್ಲೂ ಬರೆದಿರಲಿಲ್ಲ. ಸರಿ ಮಾಡಿದೆ. ಮೋಲ್ಡ್ ಹಾಕಿದ ಮೇಲೆ ಲಿಂಕ್ 50 ಸೆಕೆಂಡ್‌ನಿಂದ 10ರ ಒಳಗೆ ಬಂದಿದೆ. ಸಿಕ್ಯಾಶ್‌ನಲ್ಲಿ ನೀವು ಹೇಳಿದ ಹಾಗೇ ಸೊನ್ನೆ ಬರುತ್ತಿದೆ. ವರ್ಷನ್ ಹೆಡರ್‌ನಲ್ಲಿ ಬಿಲ್ಡ್ ಸಮಯ ಇದೆ, ಅದನ್ನು ಎಲ್ಲ ಫೈಲ್‌ಗಳೂ ಇನ್‌ಕ್ಲೂಡ್ ಮಾಡುತ್ತಿವೆ. ಅದನ್ನು ಒಂದೇ ಸಿಪಿಪಿ ಫೈಲ್‌ಗೆ ಸರಿಸುವ ಕೆಲಸ ಈಗ ಶುರು ಮಾಡುತ್ತಿದ್ದೇನೆ.